ಮರಿಹಾವು ತಿನ್ನವಲ್ದು ಅಂದ್ರ ಏನು ಮಾಡಬೇಕು

ಶ್ರಾವಣ ಹತ್ತಿರ ಬಂತೆಂದರೆ ನನಗೆ ಎರಡು ಥರದ ಫೋನ್ ಬರುತ್ತವೆ. "ಫ್ರಿಜ್ ತಂಪ ಮಾಡವಲ್ದು" ಅನ್ನೋದು ಒಂದು. ಅದು ನನ್ನ ಹೊಟ್ಟೆಪಾಡು. "ಅಣ್ಣಾ, ಹಾವಿನ ಮರಿ ತಿನ್ನವಲ್ದು" ಅನ್ನೋದು ಇನ್ನೊಂದು. ಅದು ನನ್ನ ಸಾಕುಹಾವಿನ ಹುಚ್ಚು. ಎರಡಕ್ಕೂ ನಾನು ಮೊದಲು ಕೇಳೋದು ಒಂದೇ ಮಾತು: ಒಳಗ ಟೆಂಪರೇಚರ್ ಎಷ್ಟದ? "ಬೆಚ್ಚಗ ಅದರಿ" ಅಂತಾರೆ. ಬೆಚ್ಚಗೆ ಅನ್ನೋದು ಅಳತೆಯಲ್ಲ.

ಮರಿಹಾವಿಗೆ ಹಟ ಅನ್ನೋದಿಲ್ಲ. ಆರೋಗ್ಯವಾಗಿ ಹುಟ್ಟಿದ ಮರಿ ತಿನ್ನದಿದ್ದರೆ ಬಹುಪಾಲು ತಪ್ಪು ಅದನ್ನಿಟ್ಟ ಡಬ್ಬಿಯದು: ಕಾವು ಸರಿಯಿಲ್ಲ, ಅಡಗಲು ಜಾಗ ಇಲ್ಲ, ಇಲ್ಲವೇ ನೀವು ಗಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕುತ್ತಿದ್ದೀರಿ. ಹಾಗಾಗಿ ಮೊದಲು ಡಬ್ಬಿ ಸರಿಮಾಡಿ, ಆಮೇಲೆ ಇಲಿ ಬದಲಿಸಿ, ಆಮೇಲೆ ವಾಸನೆಯ ಉಪಾಯಗಳಿಗೆ ಬನ್ನಿ. ಬಾಯಿಗೆ ತುರುಕುವ ಕೆಲಸ ಕಟ್ಟಕಡೆಗೆ. ನಮ್ಮ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ತಂದ ಮೂರನೇ ದಿನಕ್ಕೇ ಬಾಯಿ ಬಿಡಿಸಲು ಕೂರುತ್ತಾರೆ.

ಇಲ್ಲಿ ಹೇಳುತ್ತಿರುವುದು ಕಾರ್ನ್ ಸ್ನೇಕ್ ಮತ್ತು ಬಾಲ್ ಪೈಥಾನ್ ಮರಿಗಳ ವಿಷಯ. ಮೊದಲನೆಯದು ಅಮೆರಿಕದ್ದು, ಎರಡನೆಯದು ಆಫ್ರಿಕಾದ್ದು. ಮಳೆಗಾಲದಲ್ಲಿ ತೊಗರಿ ಹೊಲದ ಬದುವಿನಲ್ಲಿ ಸಿಕ್ಕ ಮರಿಯನ್ನು ಡಬ್ಬಿಗೆ ಹಾಕಿಕೊಂಡು ಬಂದು "ಇದಕ್ಕ ಏನ್ ಹಾಕಬೇಕು" ಎಂದು ಕೇಳಿದರೆ ನನ್ನ ಉತ್ತರ ಒಂದೇ: ಅರಣ್ಯ ಇಲಾಖೆಗೆ ಫೋನ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಅದೂ ಅಲ್ಲದೆ, ವಿಷವಿಲ್ಲದ ತೋಳಹಾವಿನ ಮರಿ ಅಂತ ನೀವು ಕೈಯಲ್ಲಿ ಹಿಡಿದದ್ದು ಕಟ್ಟುಹಾವಿನ ಮರಿ ಆಗಿದ್ದರೆ ಈ ಲೇಖನ ಓದಲು ನೀವಿರುವುದಿಲ್ಲ. ಬಾಲ್ ಪೈಥಾನ್ ಸೈಟಿಸ್ (ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅದರ ನೋಂದಣಿ ಆಗಬೇಕು. ಕೊಳ್ಳುವಾಗಲೇ ಕಾಗದ ಕೇಳಿ ಇಸಿದುಕೊಳ್ಳಿ.

ಈಗ ತಿನ್ನುವ ಮಾತು. ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಅದೇ ಅದರ ಬುತ್ತಿ. ಮೊದಲ ಪೊರೆ ಬಿಡುವವರೆಗೆ, ಅಂದರೆ ಸುಮಾರು ಒಂದು ವಾರದಿಂದ ಹತ್ತು ದಿನ, ಅದಕ್ಕೆ ಹಸಿವೇ ಇರುವುದಿಲ್ಲ. ಕುಡಿಯಲು ನೀರಿದ್ದರೆ ಸಾಕು. ಹಾಲಂತೂ ಬೇಡವೇ ಬೇಡ. ಕಾರ್ನ್ ಸ್ನೇಕ್ ಮರಿಗಳು ಮೊಟ್ಟೆಯೊಡೆಯುವುದು, ನಾಗಪಂಚಮಿ ಬರುವುದು ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಓಣಿಯ ಅವ್ವಂದಿರು ಬಟ್ಟಲು ಹಿಡಿದು ಬಂದೇ ಬರುತ್ತಾರೆ. "ಕಲ್ಲ ನಾಗಪ್ಪಗ ಎರೀರಿ ಯವ್ವಾ, ಈ ನಾಗಪ್ಪಗ ಬ್ಯಾಡ" ಅನ್ನುತ್ತೇನೆ. ಹಾವಿಗೆ ಹಾಲು ಅರಗುವುದಿಲ್ಲ. ಅದು ಕುಡಿದದ್ದು ಎಂದಾದರೂ ಕಂಡಿದ್ದರೆ ಅದು ನೀರಡಿಕೆಯಿಂದ.

ಡಬ್ಬಿಗೆ ಬರೋಣ. ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಪೆನ್ಸಿಲ್ ದಪ್ಪದ ಮರಿಯನ್ನು ಬಿಟ್ಟರೆ ಅದು ಹೆದರಿ ಮೂಲೆ ಹಿಡಿಯುತ್ತದೆ. ಅಡಿಗೆಮನೆಯಲ್ಲಿ ಎರಡು ಕಿಲೋ ಅಕ್ಕಿ ಹಿಡಿಸುವಂಥ ಪ್ಲಾಸ್ಟಿಕ್ ಡಬ್ಬಿ ಕಾರ್ನ್ ಸ್ನೇಕ್ ಮರಿಗೆ ಧಾರಾಳ. ಪಕ್ಕಗಳಿಗೆ ಕಾದ ಮೊಳೆಯಿಂದ ತೂತು, ಮುಚ್ಚಳಕ್ಕೆ ಬಿಗಿ ಕ್ಲಿಪ್ಪು. ಮರಿ ತನ್ನ ತಲೆ ತೂರುವಷ್ಟು ಸಂದಿ ಇದ್ದರೂ ಹೊರಬೀಳುತ್ತದೆ, ನೆನಪಿರಲಿ. ತಳಕ್ಕೆ ಟಿಶ್ಯೂ ಪೇಪರ್ ಹಾಸಿ. ಕಾವಿರುವ ಕಡೆ ಒಂದು, ತಂಪಿರುವ ಕಡೆ ಒಂದು ಅಡಗುತಾಣ ಇಡಿ. ಒಡೆದ ಕುಡಿಕೆಯ ಚೂರು ನಡೆಯುತ್ತದೆ, ಅಂಚು ಮಾತ್ರ ಉಜ್ಜಿರಬೇಕು. ಒಳಗೆ ಸುತ್ತಿಕೊಂಡರೆ ಮೈ ನಾಲ್ಕೂ ಕಡೆ ತಾಗಬೇಕು, ಅಷ್ಟು ಇಕ್ಕಟ್ಟು ಇರಲಿ. ಉಳಿದ ಜಾಗಕ್ಕೆ ಮುದುಡಿದ ಪೇಪರ್ ತುಂಬಿ. ಬಾಲ್ ಪೈಥಾನ್ ಇನ್ನೂ ಅಂಜುಬುರುಕ. ಅದರ ಡಬ್ಬಿಯ ಮೂರು ಪಕ್ಕಕ್ಕೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿಬಿಡಿ.

ಕಾವಿನ ಲೆಕ್ಕ ಹೀಗೆ: ಕಾರ್ನ್ ಸ್ನೇಕ್‌ಗೆ ಬೆಚ್ಚನೆ ತುದಿಯಲ್ಲಿ 28ರಿಂದ 30 ಡಿಗ್ರಿ, ತಂಪು ತುದಿಯಲ್ಲಿ 23-24. ಬಾಲ್ ಪೈಥಾನ್‌ಗೆ 31-32, ತಂಪು ಕಡೆ 26ರ ಆಸುಪಾಸು, ಜೊತೆಗೆ ಶೇಕಡಾ ಅರವತ್ತರ ಹತ್ತಿರ ತೇವಾಂಶ. ಬೆಂಗಳೂರಿನವರು ಇದನ್ನು ಓದಿ ಹೀಟ್ ಮ್ಯಾಟ್ (ಡಬ್ಬಿಯಡಿ ಹಾಸುವ, ಕರೆಂಟಿನಿಂದ ಕಾಯುವ ಹಾಸು) ಕೊಳ್ಳಲು ಓಡುತ್ತಾರೆ. ಕಲಬುರಗಿಯಲ್ಲಿ ವರ್ಷದ ಅರ್ಧ ಭಾಗ ನಮ್ಮ ತಲೆನೋವು ತಿರುವುಮುರುವು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42, 43 ಇರುವಾಗ ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆ ಮಧ್ಯರಾತ್ರಿಯೂ ಕುದಿಯುತ್ತಿರುತ್ತದೆ. 35 ದಾಟಿದ ಡಬ್ಬಿಯಲ್ಲಿ ಮರಿ ತಿನ್ನುವುದಿರಲಿ, ಬದುಕುವುದೇ ಕಷ್ಟ. ಆಗ ಮ್ಯಾಟಿನ ಪ್ಲಗ್ ಕಿತ್ತಿಡಿ. ಡಬ್ಬಿಯನ್ನು ಕಪಾಟಿನಿಂದ ಇಳಿಸಿ ಕೆಳಮನೆಯ ಶಹಾಬಾದ್ ಪರಸಿಯ ಮೇಲೆ ಇಡಿ. ಹಳೇ ಮನೆಗಳ ಒಳಕೋಣೆಯ ಆ ಕಲ್ಲು ಮಧ್ಯಾಹ್ನ ಮೂರಕ್ಕೂ ತಣ್ಣಗಿರುತ್ತದೆ. ಕೂಲರ್ ಹಚ್ಚಿದರೆ ಕೋಣೆಗೆ ಹಚ್ಚಿ, ಗಾಳಿ ನೇರ ಡಬ್ಬಿಗೆ ಬಡಿಯದಂತೆ.

ಚಳಿಗಾಲದಲ್ಲಿ, ಅದರಲ್ಲೂ ಬೀದರ್ ಕಡೆಯವರಿಗೆ, ಮ್ಯಾಟ್ ಬೇಕೇ ಬೇಕು. ಕಾವು ಮಿತಿ ಮುಟ್ಟಿದಾಗ ತಾನೇ ಕರೆಂಟ್ ಬಿಡಿಸುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಮಾತ್ರ ಹಚ್ಚಬೇಡಿ. ಫ್ರಿಜ್ಜಿಗಾಗಲಿ ಹಾವಿಗಾಗಲಿ, ಬಿಡಿಸುವ ಸ್ವಿಚ್ಚಿಲ್ಲದ ಕಾವು-ತಂಪನ್ನು ನಾನು ನಂಬುವುದಿಲ್ಲ. ಮ್ಯಾಟು ಡಬ್ಬಿಯ ಮೂರನೇ ಒಂದು ಭಾಗದ ಕೆಳಗಷ್ಟೇ ಬರಲಿ, ಥರ್ಮೋಸ್ಟಾಟಿನ ಕಾವು ಅಳೆಯುವ ವೈರಿನ (ಪ್ರೋಬ್) ತುದಿ ಒಳಗಿನ ನೆಲಕ್ಕೆ, ಹಾವು ಮಲಗುವಲ್ಲಿ ತಾಗಿರಲಿ. ಗೋಡೆಗೆ ತೂಗುಹಾಕಿದ ಗಡಿಯಾರದಂಥ ಥರ್ಮಾಮೀಟರ್ ಹೇಳುವುದು ಕೋಣೆಯ ಕಾವು, ಡಬ್ಬಿಯದಲ್ಲ. ರಾತ್ರಿ ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಡಬ್ಬಿಗೆ ಆನಿಸಿಡಿ.

ಇಷ್ಟಾದ ಮೇಲೆ ಒಂದು ವಾರ ಮುಟ್ಟಬೇಡಿ. ನೀರು ಬದಲಿಸಿ, ಹೋಗಿ. ಗೆಳೆಯರಿಗೆ ತೋರಿಸುವುದು, ರೀಲ್ ಮಾಡುವುದು, ಮಗನ ಕೈಗೆ ಕೊಡುವುದು ಎಲ್ಲ ಬಂದ್. ಅರ್ಧಕ್ಕರ್ಧ ಮರಿಗಳ ಸಮಸ್ಯೆ ಈ ಒಂದು ವಾರದಲ್ಲೇ ಕರಗಿಹೋಗುತ್ತದೆ ಅಂತ ನನ್ನ ಅನಿಸಿಕೆ.

ಊಟಕ್ಕೆ ಪಿಂಕಿ, ಅಂದರೆ ಕೂದಲು ಬಾರದ, ಕಣ್ಣು ಬಿಡದ ಒಂದೆರಡು ದಿನದ ಬಿಳಿ ಇಲಿಮರಿ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಒಂದೂವರೆ ಪಟ್ಟು ಮೀರಬಾರದು, ಮೊದಲ ಸಲ ಅದಕ್ಕೂ ಚಿಕ್ಕದೇ ಮೇಲು. ಬಾಲ್ ಪೈಥಾನ್ ಮರಿ ಹುಟ್ಟುವಾಗಲೇ ದಪ್ಪ, ಅದಕ್ಕೆ ಪಿಂಕಿ ಕಣ್ಣಿಗೇ ಬೀಳುವುದಿಲ್ಲ. ಕೂದಲು ಬಂದ ಸಣ್ಣ ಇಲಿ ಬೇಕು. ಗಂಜ್ ಮಾರುಕಟ್ಟೆಯ ಕಾಳಿನ ಗೋದಾಮಿನಲ್ಲಿ ಬೋನಿಗೆ ಬಿದ್ದ ಇಲಿ ತಂದುಕೊಡುತ್ತೇನೆ ಅನ್ನುವವರು ಇರುತ್ತಾರೆ, ಅದೂ ಪುಕ್ಕಟೆ. ಬೇಡ. ಅದು ಪಾಷಾಣ ತಿಂದಿದ್ದರೆ ಹಾವಿಗೂ ಅದೇ ಗತಿ. ಹುಳುಗಳ ಕಾಟ ಬೇರೆ. ಸಾಕಿದ ಬಿಳಿ ಇಲಿಯನ್ನೇ ಕೊಳ್ಳಿ, ಇಲ್ಲವೇ ಒಂದು ಗಂಡು ಎರಡು ಹೆಣ್ಣು ತಂದು ನೀವೇ ಸಾಕಿ. ಮೂರು ವಾರಕ್ಕೆ ಮರಿ ಹಾಕುತ್ತವೆ. ಫ್ರೀಜ್ ಮಾಡಿದ್ದನ್ನು ಇಡಲು ಬೇರೆ ಫ್ರಿಜ್ ಇದ್ದರೆ ಸಂಸಾರ ಉಳಿಯುತ್ತದೆ. ಮೊಸರಿನ ಪಕ್ಕ ಇಲಿ ಇಟ್ಟವನ ಮನೆಗೆ ನಾನು ರಿಪೇರಿಗೆ ಹೋದಾಗ ಅವನ ಹೆಂಡತಿ ಫ್ರಿಜ್ಜಿನ ಬದಲು ಅವನನ್ನೇ ರಿಪೇರಿ ಮಾಡಲು ಹೇಳಿದ್ದರು.

ಫ್ರೀಜರಿನಿಂದ ತೆಗೆದದ್ದನ್ನು ರಾತ್ರಿಯೆಲ್ಲ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟು ಕರಗಿಸಿ. ಕೊಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೈ ಅದ್ದಿದರೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಬಾಲ್ ಪೈಥಾನಿನ ತುಟಿಯ ಉದ್ದಕ್ಕೂ ಕಾವು ಗುರುತಿಸುವ ಗುಳಿಗಳಿವೆ, ಅದಕ್ಕೆ ಇಲಿಯ ತಲೆ ಮೈಗಿಂತ ಬಿಸಿಯಿರಬೇಕು. ಕಾರ್ನ್ ಸ್ನೇಕ್‌ಗೆ ಆ ಗುಳಿಗಳಿಲ್ಲ, ಅದು ನಾಲಿಗೆಯಿಂದ ವಾಸನೆ ಹಿಡಿಯುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಉಪಾಯಗಳು ತಾವೇ ಅರ್ಥವಾಗುತ್ತವೆ.

ಸಂಜೆ ದೀಪ ಆರಿಸಿದ ಮೇಲೆ, ಅಡಗುತಾಣದ ಬಾಯಿಗೆ ಪಿಂಕಿ ಇಟ್ಟು ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ. ಬೆಳಿಗ್ಗೆ ಉಳಿದಿದ್ದರೆ ಎಸೆಯಿರಿ. ಮತ್ತೆ ಐದರಿಂದ ಏಳು ದಿನ ಏನೂ ಕೊಡಬೇಡಿ. ದಿನಾ ಇಟ್ಟು ತೆಗೆದರೆ ಇಲಿಯ ವಾಸನೆ ಅಂದರೆ ಕಿರುಕುಳ ಅಂತ ಮರಿ ಕಲಿತುಬಿಡುತ್ತದೆ. ಮುಂದಿನ ಸಲ ಅಂಗೈಯಗಲದ, ಗಾಳಿಗೆ ಸಣ್ಣ ತೂತುಗಳಿರುವ ಡಬ್ಬಿಯಲ್ಲಿ ಮರಿಯನ್ನೂ ಪಿಂಕಿಯನ್ನೂ ಸೇರಿಸಿ, ಆ ಚಿಕ್ಕ ಡಬ್ಬಿಯನ್ನೇ ಮನೆಡಬ್ಬಿಯೊಳಗೆ ರಾತ್ರಿಯಿಡೀ ಇಡಿ. ಕಣ್ಣು ಬೆಳ್ಳಗೆ ಮಂಜಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ಪ್ರಯತ್ನವೇ ಬೇಡ.

ಇಷ್ಟಕ್ಕೂ ಬಗ್ಗದ ಕಾರ್ನ್ ಸ್ನೇಕ್ ಮರಿಗೆ ಬೇಕಿರುವುದು ಇಲಿಯಲ್ಲ, ಹಲ್ಲಿ. ಕಾಡಿನಲ್ಲಿ ಮರಿಗಳು ಮೊದಲು ತಿನ್ನುವುದು ಹೆಚ್ಚಾಗಿ ಹಲ್ಲಿಯಂಥ ಜೀವಿಗಳನ್ನೇ. ಪಿಂಕಿಯನ್ನು ಬರೀ ನೀರಿನಲ್ಲಿ ತೊಳೆದು ಒರೆಸಿ, ಇಲಿಯ ವಾಸನೆ ತಗ್ಗಲಿ. ಆಮೇಲೆ ಬಾಗಿಲ ಸಂದಿಗೆ ಸಿಕ್ಕಿ ಉದುರಿದ ಹಲ್ಲಿಯ ಬಾಲವೋ, ಟ್ಯೂಬ್‌ಲೈಟ್ ಹಿಂದೆ ಸಿಕ್ಕ ಪೊರೆಯ ಚೂರೋ ಇದ್ದರೆ ಪಿಂಕಿಯ ಮೂತಿಗೆ ಚೆನ್ನಾಗಿ ಉಜ್ಜಿ. ಹಲ್ಲಿಯನ್ನೇ ಹಿಡಿದು ತಿನ್ನಿಸಬೇಡಿ, ಅದರ ಹೊಟ್ಟೆಯ ಹುಳು ಮರಿಗೆ ದಾಟುತ್ತದೆ. ಬಾಲವನ್ನು ಫ್ರೀಜರಿನಲ್ಲಿ ಒಂದು ತಿಂಗಳು ಇಟ್ಟು ಬಳಸುವುದು ಕ್ಷೇಮ. ಇನ್ನೊಂದು ಉಪಾಯ ನೋಡಲು ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ: ಸತ್ತ ಪಿಂಕಿಯ ತಲೆಯನ್ನು ಸೂಜಿಯಿಂದ ಚುಚ್ಚಿ ಮಿದುಳಿನ ರಸ ಒಂದು ತೊಟ್ಟು ಹೊರಬರುವಂತೆ ಮಾಡುವುದು. ಆ ವಾಸನೆಗೆ ನಾಲಿಗೆ ಆಡುವ ವೇಗವೇ ಬದಲಾಗುತ್ತದೆ. ಬಾಲ್ ಪೈಥಾನ್ ಮರಿಗೆ ಇಲಿಗೂಡಿನ ಹಾಸು ಒಂದು ಹಿಡಿ ಡಬ್ಬಿಯ ಪಕ್ಕ ಇಟ್ಟರೂ ಹಸಿವು ಕೆರಳುವುದುಂಟು. ಜೀವಂತ ಇಲಿಯೇ ಬೇಕೆಂದು ಹಟ ಹಿಡಿದ ಮಾಲೀಕರಿಗೆ ಒಂದು ಮಾತು: ಕಣ್ಣು ಬಿಟ್ಟ ಇಲಿ ಕಚ್ಚುತ್ತದೆ, ಡಬ್ಬಿಯಲ್ಲಿ ಬಿಟ್ಟು ಮಲಗಬೇಡಿ.

ನನಗೆ ಹೆಚ್ಚು ಭರವಸೆ ಇರುವುದು ರೇಗಿಸಿ ತಿನ್ನಿಸುವುದರಲ್ಲಿ. ಉದ್ದ ಚಿಮಟದಲ್ಲಿ ಪಿಂಕಿಯನ್ನು ಸೊಂಟದಲ್ಲಿ ಹಿಡಿದು ಅದರ ಮೂತಿಯಿಂದ ಹಾವಿನ ಬಾಲದ ಬುಡಕ್ಕೆ ಮೆಲ್ಲಗೆ ತಟ್ಟಿ. ಮುಖಕ್ಕಲ್ಲ, ಮುಖಕ್ಕೆ ತಂದರೆ ಓಡುತ್ತದೆ. ತಟ್ಟುತ್ತಿದ್ದ ಹಾಗೆ ಮೊದಲು ಬಾಲದ ತುದಿ ಟಿಶ್ಯೂ ಮೇಲೆ ಪಟಪಟ ನಡುಗುತ್ತದೆ. ಆಮೇಲೆ ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹಿಂದಕ್ಕೆ ಮಡಿಯುತ್ತದೆ. ಅಲ್ಲಿಂದ ಸಿಟ್ಟಿನಲ್ಲಿ ಒಂದೇಟು. ಹಲ್ಲು ಸಿಕ್ಕಿಕೊಂಡ ಆ ಗಳಿಗೆ ನೀವು ಕಲ್ಲಾಗಬೇಕು: ಚಿಮಟ ಸಡಿಲಿಸಬೇಡಿ, ಎಳೆಯಬೇಡಿ, ಉಸಿರೂ ಜೋರಾಗಿ ಬಿಡಬೇಡಿ. ತುಸು ಹೊತ್ತಿಗೆ ದವಡೆ ಒಂದು ಬದಿ ಮುಂದೆ, ಇನ್ನೊಂದು ಬದಿ ಮುಂದೆ ಸರಿಯತೊಡಗುತ್ತದೆ. ಆಗ ಚಿಮಟವನ್ನು ಕೂದಲೆಳೆಯಷ್ಟು ಬಿಚ್ಚಿ, ಕೈ ಹಾಗೇ ಇಟ್ಟುಕೊಂಡು ಕಾಯಿರಿ. ಪಿಂಕಿಯ ಹಿಂಗಾಲು ಒಳಹೋದ ಮೇಲೆ ಕೈ ತೆಗೆಯಿರಿ. ಕಚ್ಚಿ ಬಿಟ್ಟರೆ ಮತ್ತೆ ಎರಡು ಮೂರು ಸಲ ಸಾಕು, ಹೆಚ್ಚಿಗೆ ರೇಗಿಸಿದರೆ ಸಿಟ್ಟು ಹೋಗಿ ಅಂಜಿಕೆ ಉಳಿಯುತ್ತದೆ.

ಇದೆಲ್ಲ ನಡೆಯುವಾಗ ತೂಕ ಬರೆದಿಡಿ. ಸರಾಫರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು, ದಶಾಂಶದ ಗ್ರಾಂ ತೋರಿಸಬೇಕು. ಹುಟ್ಟಿದ ಕಾರ್ನ್ ಸ್ನೇಕ್ ಮರಿ ಆರೇಳು ಗ್ರಾಂ ಇರುತ್ತದೆ, ಅರ್ಧ ಗ್ರಾಂ ಕಳೆದರೂ ಅಡಿಗೆಮನೆಯ ತಕ್ಕಡಿ ಹೇಳುವುದಿಲ್ಲ. ವಾರಕ್ಕೊಮ್ಮೆ ಡಬ್ಬಿ ಸಮೇತ ತೂಗಿ ಡಬ್ಬಿಯ ತೂಕ ಕಳೆಯಿರಿ, ಮರಿಯನ್ನು ಹಿಡಿಯುವ ಅಗತ್ಯವೇ ಇಲ್ಲ. ತೂಕ ಹೆಚ್ಚುಕಡಿಮೆ ನಿಂತಿದ್ದರೆ ನಿಶ್ಚಿಂತೆಯಿಂದ ಕಾಯಬಹುದು. ಬಾಲ್ ಪೈಥಾನ್ ಮರಿ ಒಂದೆರಡು ತಿಂಗಳು ಉಪವಾಸ ಮಾಡಿಯೂ ಚೆನ್ನಾಗಿರುವುದುಂಟು. ಹುಟ್ಟಿದಾಗಿನ ತೂಕದಲ್ಲಿ ಹತ್ತನೇ ಒಂದು ಭಾಗ ಕರಗಿ, ಬೆನ್ನೆಲುಬು ಏಣಿನ ಹಾಗೆ ಎದ್ದು ಕಾಣತೊಡಗಿದರೆ ಮಾತ್ರ ಕೈಹಾಕುವ ಕಾಲ.

ಆಗಲೂ ಗಂಟಲಿಗೆ ತಳ್ಳುವುದಲ್ಲ. ಪಿಂಕಿಯ ಮೂತಿ ಒದ್ದೆ ಮಾಡಿ, ಹಾವಿನ ತುಟಿಯ ಮುಂತುದಿಗೆ ಒತ್ತಿದರೆ ಬಾಯಿ ತುಸು ತೆರೆಯುತ್ತದೆ. ತಲೆಯಷ್ಟನ್ನು ಒಳಗಿಟ್ಟು, ಹಲ್ಲಿಗೆ ಸಿಗುವಂತೆ ದವಡೆಯನ್ನು ಹಗುರಾಗಿ ಮುಚ್ಚಿ, ಕೆಳಗಿಟ್ಟು ಅಲುಗದೆ ಕೂರಿ. ಉಗುಳಿದರೆ ಇನ್ನೊಂದೇ ಸಲ. ಪಿಂಕಿಯ ಬದಲು ಇಲಿಯ ಬಾಲದ ತುಂಡು ಕೊಟ್ಟರೂ ಹೊಟ್ಟೆಯ ಗಿರಣಿ ಶುರುವಾಗುತ್ತದೆ. ಪಿಚಕಾರಿಯಿಂದ ಅರೆದದ್ದನ್ನು ಹೊಟ್ಟೆಗೆ ಇಳಿಸುವುದು ಡಾಕ್ಟರ ಕೆಲಸ, ಉಸಿರುನಾಳಕ್ಕೆ ಹೋದರೆ ಮರಿ ಉಳಿಯುವುದಿಲ್ಲ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಹೊರಡುವ ಮುಂಚೆ ಹಾವು ನೋಡುವವರು ಯಾರೆಂದು ಫೋನಿನಲ್ಲಿ ಕೇಳಿಕೊಳ್ಳಿ. ಬಾಯಲ್ಲಿ ನೊರೆ, ಉಸಿರಾಡುವಾಗ ಸಿಳ್ಳು, ತಲೆ ಆಕಾಶ ನೋಡುವುದು ಇವು ಕಂಡರೆ ತೂಕದ ಲೆಕ್ಕ ಬಿಟ್ಟು ಅವತ್ತೇ ಹೋಗಿ.

ತಿಂದ ಮೇಲೆ ಎರಡು ದಿನ ಮುಟ್ಟಬೇಡಿ. ಕಾರಿಕೊಂಡರೆ ಕಾವು ಕಡಿಮೆಯಾಗಿದೆ ಅಥವಾ ಇಲಿ ದೊಡ್ಡದಾಗಿದೆ ಅಂತ. ಎರಡು ವಾರ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಮುಂಚಿನದರ ಅರ್ಧದಷ್ಟರಿಂದ ಶುರುಮಾಡಿ. ಹಲ್ಲಿವಾಸನೆಗೆ ತಿಂದ ಮರಿಗೆ ಪ್ರತಿ ಊಟಕ್ಕೂ ಉಜ್ಜುವುದನ್ನು ಕಡಿಮೆ ಮಾಡುತ್ತ ಬನ್ನಿ. ಒಂದೆರಡು ಸಲ ತಿಂತು ಅಂತ ದೊಡ್ಡ ಪೆಟ್ಟಿಗೆಗೆ ಬದಲಿಸಬೇಡಿ. ಕೈ ಸೋಪಿನಿಂದ ತೊಳೆಯದೆ ರೊಟ್ಟಿ ಮುಟ್ಟಬೇಡಿ, ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಮರಿ ಮಾರುವವರಿಗೂ ಕೊಳ್ಳುವವರಿಗೂ ನನ್ನದೊಂದು ಷರತ್ತು: ತಾನಾಗಿ ಮೂರು ಸಲ ತಿಂದ ಮೇಲೆಯೇ ಮರಿ ಕೈ ಬದಲಾಗಬೇಕು. ಯಾವ ತಾರೀಕು, ಏನು, ಬಿಸಿಯೋ ತಣ್ಣಗೋ, ಚಿಮಟದಿಂದಲೋ ಇಟ್ಟು ಬಂದದ್ದೋ, ಅಷ್ಟೂ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿರಲಿ. ಚೀಟಿ ಇಲ್ಲದ ಮರಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.