ಕಬ್ಬಿಣದ ಡಿಸ್ಕ್ ಬಿಚ್ಚಿ ಕಾರ್ಬನ್ ಸೆರಾಮಿಕ್ ಹಾಕುವುದು ಹೇಗೆ?

ಸ್ಪೋರ್ಟ್ಸ್ ಕಾರಿನ ಚಕ್ರದೊಳಗೆ ದೊಡ್ಡ ಬೂದು ಬಣ್ಣದ ಡಿಸ್ಕ್, ಅದನ್ನು ಕಚ್ಚಿ ಹಿಡಿದ ಹಳದಿ ಕ್ಯಾಲಿಪರ್. ನೋಡಿದವರಿಗೆ ಆಸೆ ಆಗುವುದು ಸಹಜ. ಪೋರ್ಷೆ ಕಂಪನಿ 2001ರಲ್ಲಿ 911 ಜಿಟಿ2 ಕಾರಿಗೆ ಈ ಕಾರ್ಬನ್ ಸೆರಾಮಿಕ್ ಬ್ರೇಕ್ ಕೊಟ್ಟಿತು. ಮರುವರ್ಷ ಬಂದ ಫೆರಾರಿ ಎನ್ಝೋದಲ್ಲೂ ಇದೇ ಬಗೆಯ ಡಿಸ್ಕ್ ಇತ್ತು. ಈಗ ಕಬ್ಬಿಣದ ಡಿಸ್ಕ್ ಇರುವ ಕಾರಿಗೂ ಇದನ್ನು ಕೂರಿಸಬಹುದು. ಆದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ.

ಇದನ್ನು ಹಾಕಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಈಗಿನ ಬ್ರೇಕನ್ನೇ ಜೋರಾಗಿ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡುತ್ತದೆ ಅಲ್ವಾ? ಅಂದರೆ ಟೈರಿನ ಹಿಡಿತ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಜಾಸ್ತಿ ಹಿಡಿತವನ್ನು ಯಾವ ಡಿಸ್ಕೂ ತಂದುಕೊಡಲಾರದು. ನಿಲ್ಲುವ ದೂರ ಕಡಿಮೆಯಾಗಲಿ ಅಂತಿದ್ದರೆ ಒಳ್ಳೆಯ ಟೈರ್ ಹಾಕಿಸಿ, ಸಾಕು.

ಸೆರಾಮಿಕ್‌ನಿಂದ ಸಿಗುವ ಲಾಭ ಬೇರೆ. ಮೊದಲನೆಯದು ತೂಕ. ಅದೇ ಅಳತೆಯ ಕಬ್ಬಿಣದ ಡಿಸ್ಕಿಗಿಂತ ಇದು ಸುಮಾರು ಅರ್ಧ ತೂಗುತ್ತದೆ. ಸ್ಪ್ರಿಂಗಿನ ಕೆಳಗೆ, ಅದೂ ತಿರುಗುವ ಭಾಗದಲ್ಲಿ ಇಳಿದ ತೂಕ ಇದು. ಹಾಗಾಗಿ ಸ್ಟಿಯರಿಂಗ್ ಹಗುರವೆನಿಸುತ್ತದೆ, ಉಬ್ಬುತಗ್ಗಿನಲ್ಲಿ ಚಕ್ರ ನೆಲಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಎರಡನೆಯದು, ಬಿಸಿಯಾದರೂ ಬ್ರೇಕಿನ ಕಚ್ಚು ಸಡಿಲವಾಗದಿರುವುದು. ಜೊತೆಗೆ ತುಕ್ಕು ಹಿಡಿಯದು, ರಿಮ್ ಮೇಲೆ ಕಪ್ಪು ಪುಡಿ ಕೂರುವುದೂ ಕಡಿಮೆ.

ಈ ಗುಣ ಬರುವುದು ಅದನ್ನು ಮಾಡುವ ರೀತಿಯಿಂದ. ಕತ್ತರಿಸಿದ ಕಾರ್ಬನ್ ನಾರನ್ನು ರಾಳದೊಂದಿಗೆ ಬೆರೆಸಿ ಅಚ್ಚಿಗೆ ಹಾಕುತ್ತಾರೆ. ಗಾಳಿ ತಾಗದಂತೆ ಸುಮಾರು 1,000 ಡಿಗ್ರಿಯಲ್ಲಿ ಸುಟ್ಟಾಗ ರಾಳ ಇದ್ದಿಲಾಗಿ ತುಂಬಾ ಸಣ್ಣ ತೂತುಗಳು ಉಳಿಯುತ್ತವೆ. ಆಮೇಲೆ 1,414 ಡಿಗ್ರಿಯಲ್ಲಿ ಕರಗುವ ಸಿಲಿಕಾನನ್ನು ಅದಕ್ಕೂ ಹೆಚ್ಚು ಕಾಯಿಸಿ ಆ ತೂತುಗಳಿಗೆ ಇಳಿಸುತ್ತಾರೆ. ಸಿಲಿಕಾನ್ ಮತ್ತು ಇದ್ದಿಲು ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಒಂದೊಂದು ಡಿಸ್ಕಿಗೂ ದಿನಗಟ್ಟಲೆ ಕುಲುಮೆಯ ಕೆಲಸ ಇದೆ. ಬೆಲೆ ಜಾಸ್ತಿ ಇರುವುದು ಇದಕ್ಕೇ. ಫಾರ್ಮುಲಾ ಒನ್ ಕಾರುಗಳ ಬ್ರೇಕ್ ಬರೀ ಕಾರ್ಬನ್ನಿನದು, ಅದು ಬೇರೆ ಜಾತಿ. ತಣ್ಣಗಿದ್ದಾಗ ಸರಿಯಾಗಿ ಹಿಡಿಯದ ಕಾರಣ ಅದು ರಸ್ತೆಗೆ ಆಗಿಬರುವುದಿಲ್ಲ.

ಮೊದಲು ಅಳತೆ

ನಿಮ್ಮ ಮಾಡೆಲ್ಲಿಗೆ ಕಾರಿನ ಕಂಪನಿಯೇ ಸೆರಾಮಿಕ್ ಬ್ರೇಕ್ ಕೊಡುತ್ತಿತ್ತೇ ಅಂತ ನೋಡಿ. ಕೊಡುತ್ತಿದ್ದರೆ ಆ ಸೆಟ್ಟನ್ನೇ ಹಾಕುವುದು ಒಳ್ಳೆಯದು. ಮುಂದಿನ ಮತ್ತು ಹಿಂದಿನ ಬ್ರೇಕಿನ ಬಲದ ಹಂಚಿಕೆ, ಎಬಿಎಸ್ ಲೆಕ್ಕ ಎಲ್ಲವನ್ನೂ ಅವರು ಪರೀಕ್ಷಿಸಿರುತ್ತಾರೆ. ಬೇರೆ ಕಂಪನಿಯ ಕಿಟ್ ತರುವುದಾದರೆ ಕ್ಯಾಲಿಪರ್ ಪಿಸ್ಟನ್ನಿನ ಅಳತೆ ಕೇಳಲೇಬೇಕು. ಪಿಸ್ಟನ್ ದೊಡ್ಡದಾದರೆ ಪೆಡಲ್ ಜಾಸ್ತಿ ಒಳಗೆ ಹೋಗುತ್ತದೆ, ಹಂಚಿಕೆಯೂ ಬದಲಾಗುತ್ತದೆ. ಮುಂದಕ್ಕೆ ಮಾತ್ರ ಸೆರಾಮಿಕ್ ಹಾಕಿ ಹಿಂದೆ ಕಬ್ಬಿಣ ಉಳಿಸುವ ಯೋಚನೆ ನನಗಂತೂ ಸರಿ ಕಾಣುವುದಿಲ್ಲ.

ಆಮೇಲೆ ರಿಮ್. ಸೆರಾಮಿಕ್ ಡಿಸ್ಕ್ ಸಾಮಾನ್ಯವಾಗಿ ದೊಡ್ಡದು. 380 ಅಥವಾ 410 ಮಿ.ಮೀ. ವ್ಯಾಸದ ಡಿಸ್ಕು, ಅದರ ಮೇಲೆ ಕ್ಯಾಲಿಪರ್, ಎರಡೂ ರಿಮ್ ಒಳಗೆ ಹಿಡಿಸಬೇಕು. ಕಿಟ್ ಮಾರುವವರು ಕ್ಯಾಲಿಪರಿನ ನಕ್ಷೆ ಕೊಡುತ್ತಾರೆ. ಅದನ್ನು ಅಳತೆಗೆ ಸರಿಯಾಗಿ ರಟ್ಟಿನಲ್ಲಿ ಕತ್ತರಿಸಿ ರಿಮ್ ಒಳಗೆ ಹಿಡಿದು ನೋಡಿ. ಸುತ್ತಳತೆ ಮಾತ್ರ ಅಲ್ಲ, ರಿಮ್ಮಿನ ಕಡ್ಡಿಗಳ ಹಿಂಬದಿಗೂ ಕ್ಯಾಲಿಪರ್ ತಾಗಬಾರದು.

ಇನ್ನು ಪ್ಯಾಡ್, ಅಂದರೆ ಕ್ಯಾಲಿಪರ್ ಒಳಗಿದ್ದು ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆ. ಕಬ್ಬಿಣದ ಡಿಸ್ಕಿಗೆ ಮಾಡಿದ ಪ್ಯಾಡನ್ನು ಸೆರಾಮಿಕ್ ಮೇಲೆ ಒಂದು ದಿನದ ಮಟ್ಟಿಗೂ ಬಳಸಬೇಡಿ. ಡಿಸ್ಕ್ ಮಾಡಿದವರು ಹೇಳಿದ ಪ್ಯಾಡೇ ಆಗಬೇಕು.

ತೂಕ ಹಾಕಿ, ಬರೆದಿಡಿ

ಕಬ್ಬಿಣದ ಡಿಸ್ಕ್ ಸವೆದರೆ ತೆಳ್ಳಗಾಗುತ್ತದೆ, ಅಳೆದರೆ ಗೊತ್ತಾಗುತ್ತದೆ. ಸೆರಾಮಿಕ್ ಹಾಗಲ್ಲ. ತುಂಬಾ ಬಿಸಿಯಾದಾಗ ಒಳಗಿನ ಕಾರ್ಬನ್ ನಾರು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಸುಟ್ಟುಹೋಗುತ್ತದೆ. ದಪ್ಪ ಅಷ್ಟೇ ಇದ್ದರೂ ತೂಕ ಇಳಿದಿರುತ್ತದೆ. ಹಾಗಾಗಿ ಇರಬೇಕಾದ ಕನಿಷ್ಠ ತೂಕವನ್ನು ಡಿಸ್ಕಿನ ನಡುವಿನ ಲೋಹದ ಭಾಗದಲ್ಲಿ ಅಚ್ಚು ಹಾಕಿರುತ್ತಾರೆ. ಹೊಸ ಡಿಸ್ಕನ್ನು ಕೂರಿಸುವ ಮೊದಲೇ ಒಳ್ಳೆಯ ತಕ್ಕಡಿಯಲ್ಲಿ ತೂಗಿ. ಯಾವ ಚಕ್ರದ್ದು, ಎಷ್ಟು ಗ್ರಾಂ, ಆ ದಿನ ಕಾರು ಎಷ್ಟು ಕಿಲೋಮೀಟರ್ ಓಡಿತ್ತು, ಎಲ್ಲಾ ಬರೆದಿಡಿ. ಹಳೆಯ ಡಿಸ್ಕ್ ಕೊಳ್ಳುವವರಂತೂ ತೂಗದೆ ದುಡ್ಡು ಕೊಡಬಾರದು.

ಬಿಚ್ಚುವುದು, ಕೂರಿಸುವುದು

ಕಾರನ್ನು ಜ್ಯಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಹಳೆಯ ಕ್ಯಾಲಿಪರ್ ಬಿಚ್ಚಿದ ಮೇಲೆ ಅದು ಹೋಸ್‌ನಲ್ಲಿ ನೇತಾಡದಂತೆ ತಂತಿಯಿಂದ ಕಟ್ಟಿ. ಹೋಸ್ ಕಳಚುವಾಗ ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಹೊಸ ಡಿಸ್ಕ್ ಕೂರುವ ಹಬ್ಬಿನ (ಚಕ್ರವನ್ನು ಬಿಗಿಯುವ ನಡುವಿನ ಲೋಹದ ಭಾಗ) ಮುಖವನ್ನು ಉಜ್ಜಿ ತುಕ್ಕು ಪೂರ್ತಿ ತೆಗೆಯಿರಿ. ಇಲ್ಲಿ ಆತುರ ಬೇಡ. ಕಾಗದದಷ್ಟು ತುಕ್ಕು ಉಳಿದರೂ ಡಿಸ್ಕಿನ ಅಂಚಿನಲ್ಲಿ ಅದು ಓಲಾಟವಾಗಿ ಕಾಣಿಸುತ್ತದೆ, ಪೆಡಲ್ ನಡುಗುತ್ತದೆ. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ ಓಲಾಟ ನೋಡಿ. ಗಾಳಿಯ ಕಾಲುವೆ ಓರೆಯಾಗಿರುವ ಡಿಸ್ಕುಗಳಲ್ಲಿ ಎಡ, ಬಲ ಬೇರೆ ಬೇರೆ. ಗುರುತು ನೋಡಿಯೇ ಹಾಕಿ. ಕ್ಯಾಲಿಪರ್ ಕೂಡ ಹಾಗೆಯೇ. ಬ್ರೇಕ್ ಆಯಿಲ್ಲಿನಲ್ಲಿ ಸೇರಿದ ಗಾಳಿ ತೆಗೆಯುವ ನಿಪ್ಪಲ್ ಮೇಲ್ಭಾಗದಲ್ಲಿ ಇರಬೇಕು. ಕೆಳಗೆ ಬಂದಿದ್ದರೆ ಎಡಬಲ ಅದಲುಬದಲಾಗಿದೆ, ಒಳಗಿನ ಗಾಳಿ ಎಂದೂ ಹೊರಬರದು. ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಕೈ ಅಂದಾಜು ಇಲ್ಲಿ ನಡೆಯದು.

ಸೆರಾಮಿಕ್ ಡಿಸ್ಕ್ ಹಗುರವಾದ್ದರಿಂದ ಕಬ್ಬಿಣಕ್ಕಿಂತ ಹೆಚ್ಚು ಕಾಯುತ್ತದೆ. ಆ ಬಿಸಿ ಕ್ಯಾಲಿಪರ್ ದಾಟಿ ಆಯಿಲ್ಲಿಗೂ ಬರುತ್ತದೆ. ಆದ್ದರಿಂದ ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿ. ಡಾಟ್ ಅನ್ನುವುದು ಬ್ರೇಕ್ ಆಯಿಲ್ಲಿನ ದರ್ಜೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿದಿರಬಹುದು. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಬರೀ ಡಾಟ್ 5 ಅಂತ ಬರೆದಿರುವುದು ಸಿಲಿಕೋನ್ ಆಯಿಲ್, ಅದನ್ನು ಇದರ ಜೊತೆ ಬೆರೆಸಲೇಬಾರದು. ಗಾಳಿ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಕೆಲವಕ್ಕೆ ಎಬಿಎಸ್ ಪಂಪನ್ನು ಸ್ಕ್ಯಾನರ್‌ನಿಂದ ಓಡಿಸಬೇಕಾಗುತ್ತದೆ. ಈ ಕೆಲಸ ಮೊದಲ ಸಲ ಮಾಡುವವರು ಪಕ್ಕದಲ್ಲಿ ಅನುಭವಿ ಮೆಕ್ಯಾನಿಕ್ ಇರುವಂತೆ ನೋಡಿಕೊಳ್ಳಿ. ಬ್ರೇಕ್ ವಿಷಯದಲ್ಲಿ ತಪ್ಪಿದರೆ ಇನ್ನೊಬ್ಬರ ಜೀವಕ್ಕೂ ಕುತ್ತು.

ಚಕ್ರ ಹಾಕುವಾಗ ಜೋಪಾನ

ಡಿಸ್ಕ್ ಗಟ್ಟಿ ನಿಜ, ಆದರೆ ಅಂಚಿಗೆ ಪೆಟ್ಟು ಬಿದ್ದರೆ ಚೂರು ಹಾರುತ್ತದೆ. ಭಾರದ ಚಕ್ರವನ್ನು ಎತ್ತಿ ಬೋಲ್ಟಿನ ತೂತು ಹುಡುಕುವಾಗ ರಿಮ್ ಜಾರಿ ಡಿಸ್ಕಿಗೆ ಬಡಿಯುವುದು ಸುಲಭ. ಹಬ್ಬಿನ ಎರಡು ತೂತುಗಳಿಗೆ ಉದ್ದದ ಗೈಡ್ ಪಿನ್ ತಿರುಗಿಸಿ, ಚಕ್ರವನ್ನು ಅದರ ಮೇಲೆ ಜಾರಿಸಿ ಒಳಗೆ ತಳ್ಳಿ. ಆ ಪಿನ್ನುಗಳು ಸದಾ ಕಾರಿನಲ್ಲೇ ಇರಲಿ. ಪಂಕ್ಚರ್ ಹಾಕುವವರ ಕೈಗೂ ಅವನ್ನೇ ಕೊಟ್ಟು, ಹೇಗೆ ಅಂತ ತೋರಿಸಿ.

ಕಾರು ಕದಲಿಸುವ ಮುಂಚೆ ಪೆಡಲನ್ನು ನಾಲ್ಕಾರು ಸಲ ಒತ್ತಿ. ಗಟ್ಟಿಯಾಗುವವರೆಗೂ ಗೇರ್ ಹಾಕಬೇಡಿ.

ಪಳಗಿಸುವುದು

ಹೊಸ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಖಾಲಿ ಇರುವ ಸುರಕ್ಷಿತ ಜಾಗದಲ್ಲಿ ಒಂದು ವೇಗದಿಂದ ಇಳಿಸುತ್ತಾ ಬಂದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸಿ. ಮೊದಲು ಮೃದುವಾಗಿ, ಬರಬರುತ್ತಾ ಜೋರಾಗಿ ಒತ್ತಿ. ಎಷ್ಟು ವೇಗ, ಎಷ್ಟು ಸಲ ಅನ್ನುವುದು ಕಿಟ್ ಜೊತೆ ಬಂದ ಹಾಳೆಯಲ್ಲಿ ಇರುತ್ತದೆ. ಮುಗಿದ ಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ಕಾದ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡೇ ನಿಂತರೆ ಆ ಜಾಗದಲ್ಲಿ ಮಚ್ಚೆ ಬೀಳುತ್ತದೆ.

ಮಳೆಯಲ್ಲಿ ಓಡಿಸುವಾಗ ಅಥವಾ ಕಾರು ತೊಳೆದ ಮೇಲೆ ಮೊದಲ ಒತ್ತಿಗೆ ಹಿಡಿತ ಒಂದು ಕ್ಷಣ ತಡವಾಗಬಹುದು. ಹೊರಟ ಕೂಡಲೇ ಮೆಲ್ಲಗೆ ಎರಡು ಸಲ ಬ್ರೇಕ್ ಒತ್ತಿ ನೀರು ಒಣಗಿಸಿ. ರಿಮ್ ತೊಳೆಯಲು ಆಸಿಡ್ ಇರುವ ಕ್ಲೀನರ್ ಬಳಸಬೇಡಿ.

ಹಳೆಯ ಕಬ್ಬಿಣದ ಡಿಸ್ಕ್, ಕ್ಯಾಲಿಪರ್, ಪ್ಯಾಡ್ ಯಾವುದನ್ನೂ ಮಾರಬೇಡಿ. ಟ್ರ್ಯಾಕಿನಲ್ಲಿ ಪದೇ ಪದೇ ಓಡಿಸುವವರಲ್ಲಿ ಎಷ್ಟೋ ಜನ ಅಲ್ಲಿಗೆ ಕಬ್ಬಿಣವನ್ನೇ ಹಾಕಿಕೊಂಡು ಹೋಗುತ್ತಾರೆ. ಸುತ್ತು ಸುತ್ತಿಗೂ ಕಾಯುವಾಗ ಸೆರಾಮಿಕ್ ಬೇಗ ತೂಕ ಕಳೆದುಕೊಳ್ಳುತ್ತದೆ, ಹೊಸದು ತರುವ ಖರ್ಚು ಸಣ್ಣದಲ್ಲ. ಕಬ್ಬಿಣದ ಸೆಟ್ಟಿಗೆ ತೆಳ್ಳಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಬೋಲ್ಟುಗಳ ಸಮೇತ ಒಂದೇ ಪೆಟ್ಟಿಗೆಯಲ್ಲಿ ಇಡಿ. ಮತ್ತೆ ಹಾಕುವ ದಿನ ಆ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹೊಡೆದು ಪೂರ್ತಿ ಒರೆಸಿ ತೆಗೆಯಿರಿ.