ಸೇನೆಯಿಂದ ಮನೆಗೆ: ಮೊದಲ ವರ್ಷವನ್ನು ದಾಟುವುದು ಹೇಗೆ?

ಸೇನೆಗೆ ಸೇರಿದವರನ್ನು ಯಾರೂ ಮೊದಲ ದಿನವೇ ಕಾವಲಿಗೆ ನಿಲ್ಲಿಸುವುದಿಲ್ಲ. ತಿಂಗಳುಗಟ್ಟಲೆ ತರಬೇತಿ ಕೊಟ್ಟು, ನಡೆಯುವ ರೀತಿ, ಮಾತನಾಡುವ ರೀತಿ, ಹಾಸಿಗೆ ಮಡಿಸುವ ರೀತಿ, ಕೊನೆಗೆ ನಿದ್ದೆ ಮಾಡುವ ರೀತಿಯನ್ನೂ ಬದಲಿಸಿದ ಮೇಲೆಯೇ ಅವರನ್ನು ಸೈನಿಕರೆಂದು ಕರೆಯುತ್ತಾರೆ. ಹತ್ತಿಪ್ಪತ್ತು ವರ್ಷಗಳ ನಂತರ ಅದೇ ವ್ಯಕ್ತಿ ಹೊರಬರುವಾಗ ಮಾತ್ರ ಕೆಲವು ಸಹಿ, ಒಂದು ಬೀಳ್ಕೊಡುಗೆ ಸಮಾರಂಭ, ಕೈಯಲ್ಲೊಂದು ಪೆಟ್ಟಿಗೆ, ಇಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಅಷ್ಟು ಶ್ರಮದಿಂದ ಮೈಗೂಡಿಸಿದ್ದನ್ನು ಸಡಿಲಿಸುವ ತರಬೇತಿ ಬಹುಮಟ್ಟಿಗೆ ಸೈನಿಕನ ಪಾಲಿಗೇ ಬಿಟ್ಟದ್ದಾಗಿರುತ್ತದೆ. ಅದನ್ನು ಹಂತಹಂತವಾಗಿ ಹೇಗೆ ಮಾಡಿಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಮಯ. 1982ರ ಫಾಕ್‌ಲ್ಯಾಂಡ್ ಯುದ್ಧ ಮುಗಿದಾಗ ಬ್ರಿಟನ್ನಿನ ಅನೇಕ ಸೈನಿಕರು ವಾರಗಟ್ಟಲೆ ಹಡಗಿನಲ್ಲಿ ಪ್ರಯಾಣಿಸಿ ತಾಯ್ನಾಡನ್ನು ತಲುಪಿದರು. ಜೊತೆಗೆ ಹೋರಾಡಿದವರೊಡನೆ ಕುಳಿತು ಕಂಡದ್ದನ್ನು ಮಾತನಾಡಲು, ಕಳೆದುಕೊಂಡವರನ್ನು ನೆನೆಯಲು ಅವರಿಗೆ ಆ ದಿನಗಳು ಒದಗಿಬಂದವು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಚ್ಚಿನ ಸೈನಿಕರು ತಮ್ಮ ತಮ್ಮ ಅವಧಿ ಮುಗಿದಂತೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿ, ಕೆಲವೇ ದಿನಗಳಲ್ಲಿ ರಣರಂಗದಿಂದ ನೇರವಾಗಿ ಮನೆಯ ಹಜಾರಕ್ಕೆ ಬಂದಿಳಿದರು. ಈ ನಡುವಿನ ಬಿಡುವು ಎಷ್ಟು ಮುಖ್ಯವೆಂದು ಅರಿತ ಕೆನಡಾ, 2002ರಲ್ಲಿ ಅಫ್ಗಾನಿಸ್ತಾನದಿಂದ ಮರಳುತ್ತಿದ್ದ ತನ್ನ ಸೈನಿಕರನ್ನು ಮನೆಗೆ ಕಳುಹಿಸುವ ಮೊದಲು ಗುವಾಮ್ ದ್ವೀಪದಲ್ಲಿ ಕೆಲವು ದಿನ ಉಳಿಸಿತು. ನಿಮಗೆ ಹಡಗೂ ಸಿಗಲಾರದು, ದ್ವೀಪವೂ ಸಿಗಲಾರದು. ಆದ್ದರಿಂದ ಹೊರಬಂದ ನಂತರದ ಒಂದು ವರ್ಷವನ್ನೇ ಆ ಪ್ರಯಾಣವೆಂದು ಎಣಿಸಿ, ಮನೆಯವರಿಗೂ ಹಾಗೆಂದು ಮೊದಲೇ ತಿಳಿಸಿಡಿ.

ಮೊದಲ ಹಂತ: ಹೊರಬರುವ ಮುನ್ನ ದಾಖಲೆ, ಹಣ

ಸೇವೆಯಲ್ಲಿರುವಾಗಲೇ ಪೂರ್ಣ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು, ಪ್ರತಿಯೊಂದು ಗಾಯವನ್ನೂ ನೋವನ್ನೂ ದಾಖಲೆಗೆ ಸೇರಿಸಿಕೊಳ್ಳಬೇಕು. ಮಂಡಿನೋವು, ಬೆನ್ನುನೋವುಗಳನ್ನು ‘ಇದೇನು ಮಹಾ’ ಎಂದು ನುಂಗಿಕೊಂಡೇ ಬಂದವರು, ಐದು ವರ್ಷಗಳ ನಂತರ ಅವು ಸೇವೆಯಲ್ಲಿದ್ದಾಗಲೇ ಆದದ್ದೆಂದು ಸಾಬೀತುಪಡಿಸಲು ಪರದಾಡಬೇಕಾಗುತ್ತದೆ. ಕಿವಿಯ ಪರೀಕ್ಷೆಯನ್ನಂತೂ ಯಾವ ಕಾರಣಕ್ಕೂ ಬಿಡಬಾರದು. ರೈಫಲ್ಲಿನ ಒಂದೇ ಗುಂಡಿನ ಸದ್ದು 140 ಡೆಸಿಬೆಲ್‌ಗಳನ್ನು ಮೀರುತ್ತದೆ. ವರ್ಷಗಟ್ಟಲೆ ಅದನ್ನು ಕೇಳಿದವರಿಗೆ ಕಿವಿಯೊಳಗೆ ಗುಂಯ್ಗುಡುವ ಸದ್ದು, ಕೇಳಿಸುವಿಕೆಯ ಕೊರತೆ ಸಾಮಾನ್ಯ. ಪರೀಕ್ಷೆ ಮಾಡಿಸದೆ ಮನೆಗೆ ಬಂದರೆ, ‘ಕರೆದರೂ ತಿರುಗಿ ನೋಡುವುದಿಲ್ಲ, ಮಾತನಾಡಿದರೆ ಕೂಗುತ್ತಾರೆ’ ಎಂಬ ದೂರು ಶುರುವಾಗಿ, ಕಿವಿಯ ದೋಷವು ಸ್ವಭಾವದ ದೋಷವೆಂಬ ಹೆಸರು ಪಡೆಯುತ್ತದೆ.

ಹಣದ ವಿಷಯ ಚಿಕ್ಕದು. ವಸತಿ, ಊಟ, ಬಟ್ಟೆ, ಚಿಕಿತ್ಸೆ ಇವುಗಳಲ್ಲಿ ಯಾವುದನ್ನೆಲ್ಲ ಸೇನೆಯೇ ನೋಡಿಕೊಳ್ಳುತ್ತಿತ್ತೆಂದು ಒಂದು ಹಾಳೆಯಲ್ಲಿ ಬರೆದು, ಮುಂದೆ ಅವಕ್ಕೆ ತಿಂಗಳಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ. ಒಟ್ಟಿಗೆ ಕೈಗೆ ಬರುವ ಮೊತ್ತವನ್ನು ಮೊದಲ ಆರು ತಿಂಗಳು ವ್ಯಾಪಾರಕ್ಕಾಗಲಿ, ಬಂಧುಗಳ ಸಾಲಕ್ಕಾಗಲಿ ಮುಟ್ಟಬೇಡಿ.

ಎರಡನೆಯ ಹಂತ: ಬೆಳಗನ್ನು ಮತ್ತೆ ಕಟ್ಟಿಕೊಳ್ಳುವುದು

ನಸುಕಿನ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಐದು ನಿಮಿಷದಲ್ಲಿ ಹಾಸಿಗೆ ಮಡಿಸಿ, ಗಡ್ಡ ಹೆರೆದು, ಬೂಟಿನ ಲೇಸು ಬಿಗಿದು ನಿಂತರೆ ಹೋಗಬೇಕಾದ ಜಾಗವೇ ಇಲ್ಲ; ಮನೆಯವರೆಲ್ಲ ಇನ್ನೂ ಗಾಢ ನಿದ್ದೆಯಲ್ಲಿರುತ್ತಾರೆ. ಮೊದಲ ವಾರ ಇದು ರಜೆಯಂತೆ ಹಿತವಾಗಿರುತ್ತದೆ. ರಜೆ ಮುಗಿಯುವುದಿಲ್ಲವೆಂದು ಮನಸ್ಸಿಗೆ ನಾಟುವುದು ಮೂರು ನಾಲ್ಕು ವಾರಗಳ ನಂತರ, ಆಗಲೇ ನಿಜವಾದ ಕಷ್ಟ ಆರಂಭ.

ಶಿಸ್ತನ್ನು ಪೂರ್ತಿ ಬಿಟ್ಟುಬಿಡುವುದೂ ಬೇಡ, ಬ್ಯಾರಕ್ಕಿನ ವೇಳಾಪಟ್ಟಿಯನ್ನೇ ಮನೆಯ ಗೋಡೆಗೆ ಅಂಟಿಸುವುದೂ ಬೇಡ. ದಿನಕ್ಕೆ ಮೂರು ಗೂಟಗಳನ್ನು ನೆಟ್ಟುಕೊಂಡರೆ ಸಾಕು: ಏಳುವ ಹೊತ್ತು, ವ್ಯಾಯಾಮದ ಹೊತ್ತು, ಮನೆಯಿಂದ ಹೊರಗೆ ಹೋಗಿ ನಾಲ್ಕು ಜನರನ್ನು ಕಾಣುವ ಹೊತ್ತು. ಓಟ, ಕವಾಯತು ನಿಂತರೂ ಊಟದ ಪ್ರಮಾಣ ಹಾಗೆಯೇ ಉಳಿದರೆ ಮೈತೂಕ ಬೇಗನೆ ಏರುವುದರಿಂದ, ಮೊದಲ ದಿನದಿಂದಲೇ ನಡಿಗೆಯನ್ನಾದರೂ ತಪ್ಪಿಸಬೇಡಿ. ಕಾಫಿಯನ್ನು ಮಧ್ಯಾಹ್ನಕ್ಕೇ ಮುಗಿಸಿ. ಅದರಲ್ಲಿರುವ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ನಿದ್ದೆ ಬರಲೆಂದು ಮದ್ಯ ಕುಡಿಯುವವರು ಬೇಗ ಮಲಗುವುದು ನಿಜ, ಆದರೆ ಅದೇ ಮದ್ಯ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಹರಿದುಹಾಕುತ್ತದೆ.

ಮೂರನೆಯ ಹಂತ: ಮನೆಯೊಳಗೆ ಹೊಸಬರಾಗಿ ಇರುವುದು

ನನ್ನ ದೃಷ್ಟಿಯಲ್ಲಿ ಎಲ್ಲ ಹಂತಗಳಿಗಿಂತ ನಾಜೂಕಾದದ್ದು ಇದೇ. ನೀವಿಲ್ಲದ ವರ್ಷಗಳಲ್ಲಿ ಮನೆ ಕೈಕಟ್ಟಿ ಕುಳಿತಿರಲಿಲ್ಲ. ಬಿಲ್ಲು ಕಟ್ಟುವುದು ಯಾವಾಗ, ಮಕ್ಕಳನ್ನು ಎಬ್ಬಿಸುವುದು ಹೇಗೆ, ಹಿರಿಯರ ಔಷಧ ಎಲ್ಲಿದೆ ಎಂಬುದಕ್ಕೆಲ್ಲ ಒಂದು ಪದ್ಧತಿ ಬೆಳೆದಿದೆ, ಅದನ್ನು ಬೆಳೆಸಿದವರು ನಿಮ್ಮ ಸಂಗಾತಿ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಅಸ್ತವ್ಯಸ್ತವಾಗಿ ಕಾಣಬಹುದು. ಚಪ್ಪಲಿಗಳು ಚೆಲ್ಲಾಡಿರುತ್ತವೆ, ಊಟ ಹೇಳಿದ ಹೊತ್ತಿಗೆ ಆಗುವುದಿಲ್ಲ, ಹೊರಡಬೇಕಾದ ಸಮಯಕ್ಕೆ ಒಬ್ಬರು ಇನ್ನೂ ಬಾಚಣಿಗೆ ಹುಡುಕುತ್ತಿರುತ್ತಾರೆ. ಹೀಗಿದ್ದರೂ ಆ ಪದ್ಧತಿ ಇಷ್ಟು ವರ್ಷ ಮನೆಯನ್ನು ನಡೆಸಿದೆ.

ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಮಗು ಶಾಲೆಯ ಚೀಲವನ್ನು ಹಜಾರದ ನಡುವೆ ಎಸೆದು ಆಡಲು ಓಡುತ್ತದೆ. ‘ಎತ್ತಿಡು’ ಎಂದು ನೀವು ಹೇಳುತ್ತೀರಿ, ಪರೇಡ್ ಮೈದಾನದಲ್ಲಿ ಹೇಳುತ್ತಿದ್ದ ದನಿಯಲ್ಲಿ. ಮಗು ಇದ್ದಲ್ಲಿಯೇ ನಿಂತು, ನಿಮ್ಮನ್ನಲ್ಲ, ತಾಯಿಯ ಮುಖವನ್ನು ನೋಡುತ್ತದೆ. ಆ ನೋಟವನ್ನು ಅವಮಾನವೆಂದು ತಿಳಿಯಬೇಡಿ. ಇಷ್ಟು ವರ್ಷ ಆ ಮಗುವಿಗೆ ‘ಬೇಕು’, ‘ಬೇಡ’ ಎರಡೂ ಬಂದದ್ದು ಆ ದಿಕ್ಕಿನಿಂದ. ಚೀಲವನ್ನು ಮಗುವಿನ ಜೊತೆ ನೀವೂ ಒಂದು ಕೈ ಹಿಡಿದು ಎತ್ತಿಟ್ಟರೆ, ಮುಂದಿನ ಸಲ ಅದು ನಿಮ್ಮತ್ತ ನೋಡುವ ಸಾಧ್ಯತೆ ಹೆಚ್ಚು.

ಆದ್ದರಿಂದ ಮೊದಲ ತಿಂಗಳು ಮನೆಯ ಯಾವ ಪದ್ಧತಿಯನ್ನೂ ಬದಲಿಸದೆ ಗಮನಿಸಿ, ಕೇಳಿ ತಿಳಿದುಕೊಳ್ಳಿ. ಎರಡನೆಯ ತಿಂಗಳಲ್ಲಿ ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಿ, ಅದು ಯಾವುದೆಂಬುದನ್ನು ಸಂಗಾತಿಯೇ ಆರಿಸಲಿ. ಕೈಗೆ ಸಿಕ್ಕಾಗ ಮಾಡುವ ಸಹಾಯದಿಂದ ಅವರ ಹೊರೆ ಇಳಿಯುವುದಿಲ್ಲ. ನೆನಪಿಡುವ ಹೊಣೆಯೂ ಸೇರಿ ಇಡೀ ಕೆಲಸ ನಿಮ್ಮದಾಗಬೇಕು. ಮಾತಿನ ಧಾಟಿಗೂ ಅಭ್ಯಾಸ ಬೇಕು. ‘ಮಾಡು’ ಎನ್ನುವ ಕಡೆಯಲ್ಲೆಲ್ಲ ‘ಮಾಡ್ತೀಯಾ?’ ಎಂದು ಕೇಳುವುದನ್ನು ರೂಢಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಾಲ್ಕನೆಯ ಹಂತ: ಅನುಭವವನ್ನು ನಾಗರಿಕರ ಭಾಷೆಯಲ್ಲಿ ಹೇಳುವುದು

ಕೆಲಸಕ್ಕೆ ಅರ್ಜಿ ಹಾಕುವಾಗ ಹುದ್ದೆಯ ಹೆಸರು, ಯೂನಿಟ್ಟಿನ ಹೆಸರು, ಸಂಕ್ಷಿಪ್ತ ಪದಗಳನ್ನು ತುಂಬಿದರೆ ಓದುವವರಿಗೆ ಏನೂ ಅರ್ಥವಾಗುವುದಿಲ್ಲ. ‘ಸಿಗ್ನಲ್ಸ್ ವಿಭಾಗದಲ್ಲಿ ಡಿಟ್ಯಾಚ್‌ಮೆಂಟ್ ಕಮಾಂಡರ್, ಎಂಟು ವರ್ಷ’ ಎಂಬ ಸಾಲನ್ನು ಹೀಗೆ ಬಿಡಿಸಿ ಬರೆಯಬಹುದು: ‘ಹತ್ತು ಜನರ ತಂಡವನ್ನು ಎಂಟು ವರ್ಷ ಮುನ್ನಡೆಸಿದ್ದೇನೆ, ವಿದ್ಯುತ್ತು, ರಸ್ತೆ ಇಲ್ಲದ ಜಾಗಗಳಲ್ಲೂ ಸಂಪರ್ಕ ಉಪಕರಣಗಳು ಕೆಡದಂತೆ ನೋಡಿಕೊಂಡು, ಕೆಟ್ಟಾಗ ಸ್ಥಳದಲ್ಲೇ ದುರಸ್ತಿ ಮಾಡಿಸಿದ್ದೇನೆ, ಹೊಸಬರಿಗೆ ಆ ಕೆಲಸ ಕಲಿಸಿದ್ದೇನೆ.’ ಬರೆದದ್ದನ್ನು ಸೇನೆಯ ಗಂಧಗಾಳಿಯಿಲ್ಲದ ಒಬ್ಬ ಸ್ನೇಹಿತರಿಗೆ ಕೊಟ್ಟು, ಅರ್ಥವಾಗದ ಪ್ರತಿ ಪದದ ಕೆಳಗೂ ಗೆರೆ ಎಳೆಯಲು ಹೇಳಿ. ಗೆರೆಗಳೆಲ್ಲ ಹೋಗುವವರೆಗೆ ತಿದ್ದಿ.

ಸಂದರ್ಶನದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ‘ನೀವು ಏನು ಮಾಡಿದಿರಿ?’ ಎಂದು ಕೇಳಿದರೆ ಸೈನಿಕರ ಬಾಯಲ್ಲಿ ತಾನಾಗಿ ಬರುವುದು ‘ನಾವು ಮಾಡಿದೆವು’ ಎಂಬ ಉತ್ತರ. ಜೊತೆಗಾರರನ್ನು ಬಿಟ್ಟು ತನ್ನೊಬ್ಬನ ಹೆಸರು ಹೇಳಿಕೊಳ್ಳುವುದು ಅವರಿಗೆ ದ್ರೋಹದಂತೆ ತೋರುತ್ತದೆ. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೂ ಎದುರಿಗಿರುವವರು ತಿಳಿಯಬಯಸುವುದು ನಿಮ್ಮ ಪಾಲನ್ನು. ‘ತಂಡ ಇಷ್ಟು ಮಾಡಿತು, ಅದರಲ್ಲಿ ನಾನು ಮಾಡಿದ್ದು ಇದು’ ಎಂದು ಎರಡನ್ನೂ ಹೇಳುವುದನ್ನು ಮನೆಯಲ್ಲೇ ಬಾಯಿಬಿಟ್ಟು ಅಭ್ಯಾಸ ಮಾಡಿ.

ಮತ್ತೆ ಓದುವ ಆಸೆಯಿದ್ದರೆ ವಯಸ್ಸಾಯಿತೆಂದು ಹಿಂಜರಿಯಬೇಡಿ. ಅಮೆರಿಕದಲ್ಲಿ 1944ರಲ್ಲಿ ಮಾಜಿ ಸೈನಿಕರಿಗಾಗಿ ಬಂದ ಕಾನೂನಿನ ನೆರವಿನಿಂದ 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಶಿಕ್ಷಣ ಅಥವಾ ವೃತ್ತಿ ತರಬೇತಿ ಪಡೆದಿದ್ದರು. ನಿಮ್ಮ ಸರ್ಕಾರ ಅಂಥ ನೆರವು ನೀಡುತ್ತಿದೆಯೇ, ಅರ್ಜಿಯ ಕೊನೆಯ ದಿನ ಯಾವುದು ಎಂಬುದನ್ನು ಸೇವೆ ಮುಗಿಯುವ ಒಂದು ವರ್ಷ ಮೊದಲೇ ವಿಚಾರಿಸಿಡಿ. ಕಚೇರಿಗೆ ಸೇರಿದ ಮೇಲೆ ಕಾಡುವುದು ಬೇರೆ ಸಂಗತಿ: ಅಲ್ಲಿ ಆದೇಶಗಳು ಆದೇಶದ ರೂಪದಲ್ಲಿ ಬರುವುದಿಲ್ಲ. ‘ಬಿಡುವಾದಾಗ ನೋಡಿ’ ಎಂದರೆ ಇಂದೇ ಬೇಕೆಂದೂ ಇರಬಹುದು, ಬೇಡವೇ ಬೇಡವೆಂದೂ ಇರಬಹುದು. ‘ಯಾವ ದಿನದೊಳಗೆ ಬೇಕು?’ ಎಂದು ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಐದನೆಯ ಹಂತ: ಮನಸ್ಸಿನ ಕಾವಲನ್ನು ಇಳಿಸುವುದು

ಹೋಟೆಲಿನಲ್ಲಿ ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕುವುದು, ಜನಜಂಗುಳಿಯಲ್ಲಿ ಎಲ್ಲರ ಕೈಗಳನ್ನು ಗಮನಿಸುವುದು, ಬಾಗಿಲು ದಡಕ್ಕನೆ ಬಡಿದಾಗ ಬೆಚ್ಚಿಬೀಳುವುದು, ಇವೆಲ್ಲ ಒಂದು ಕಾಲದಲ್ಲಿ ಪ್ರಾಣ ಉಳಿಸಿದ ಅಭ್ಯಾಸಗಳು. ಬಹಳ ಜನರಲ್ಲಿ ಇವು ಕ್ರಮೇಣ ತಗ್ಗುತ್ತವೆ. ಆದರೆ ಭಯಾನಕ ಕನಸುಗಳು, ನಡೆದದ್ದೇ ಕಣ್ಣೆದುರು ಮತ್ತೆ ನಡೆದಂತಾಗುವುದು, ನೆನಪಿಸುವ ಜಾಗ ಮತ್ತು ಜನರಿಂದ ತಪ್ಪಿಸಿಕೊಳ್ಳುವುದು, ಹತೋಟಿಗೆ ಸಿಗದ ಸಿಟ್ಟು, ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ದಿನನಿತ್ಯದ ಬಾಳನ್ನು ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಕೆಲವರಲ್ಲಿ ಇವು ಪೂರ್ಣವಾಗಿ ತಲೆಯೆತ್ತುವುದು ಘಟನೆ ನಡೆದು ಆರು ತಿಂಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ವೈದ್ಯ ಚಾರ್ಲ್ಸ್ ಮಯರ್ಸ್ ಇಂಥ ರೋಗಿಗಳ ಬಗ್ಗೆ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಬರೆದರು; ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಎಂಬ ಹೆಸರಿನಲ್ಲಿ ಇದು ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ನಡುವಿನ ಆ 65 ವರ್ಷಗಳಲ್ಲಿ ಎಷ್ಟೋ ಸೈನಿಕರು ಹೇಡಿಗಳೆಂಬ ಹೆಸರು ಹೊತ್ತುಕೊಂಡು ಬದುಕಿದರೆಂಬುದನ್ನು ನೆನೆದರೆ ಸಂಕಟವಾಗುತ್ತದೆ. ಇಂದು ಇದಕ್ಕೆ ಚಿಕಿತ್ಸೆ ಇದೆ. ಆಘಾತದ ನೆನಪುಗಳನ್ನೇ ಕೇಂದ್ರವಾಗಿಟ್ಟುಕೊಂಡು ನಡೆಸುವ ಮಾತಿನ ಚಿಕಿತ್ಸೆಗಳಲ್ಲಿ ಒಂದು ಮುಖ್ಯ ವಿಧಾನವು ಸಾಮಾನ್ಯವಾಗಿ 12 ಭೇಟಿಗಳಷ್ಟು ನಡೆಯುತ್ತದೆ. ಭಯಕ್ಕಿಂತ ಪಾಪಪ್ರಜ್ಞೆಯೇ ಹೆಚ್ಚು ಕಾಡುವವರೂ ಇದ್ದಾರೆ. ಮಾಡಿದ ಅಥವಾ ಮಾಡಲಾಗದೆ ಹೋದ ಯಾವುದೋ ಕೆಲಸ, ಮೇಲಿನವರಿಂದ ಆದ ನಂಬಿಕೆದ್ರೋಹ ಅವರ ಎದೆಯಲ್ಲಿ ಕುಳಿತಿರುತ್ತದೆ. ವೈದ್ಯರ ಬಳಿ ಇದನ್ನೂ ಹೇಳಿಕೊಳ್ಳಬೇಕು.

‘ಯಾರನ್ನಾದರೂ ಕೊಂದಿದ್ದೀರಾ?’ ಎಂದು ಮದುವೆ ಮನೆಯಲ್ಲೂ ಕೇಳುವವರು ಇರುತ್ತಾರೆ. ‘ಆ ವಿಷಯ ನಾನು ಮಾತನಾಡುವುದಿಲ್ಲ, ನಿಮ್ಮ ಮನೆಯಲ್ಲಿ ಎಲ್ಲ ಹೇಗಿದ್ದಾರೆ?’ ಎಂಬಂಥ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಮನೆಯವರಿಗಾಗಿ ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಬಂದೂಕು ಇದ್ದು, ಮರಳಿದವರು ಕುಗ್ಗಿಹೋದಂತೆ ಕಂಡರೆ, ಅದನ್ನು ಕೆಲವು ಕಾಲ ಮನೆಯಿಂದ ಹೊರಗೆ, ಕಾನೂನು ಒಪ್ಪುವ ಸುರಕ್ಷಿತ ಜಾಗದಲ್ಲಿ ಇರಿಸಿ. ಇಸ್ರೇಲಿನ ಸೇನೆ 2006ರಲ್ಲಿ ಸೈನಿಕರು ವಾರಾಂತ್ಯದ ರಜೆಗೆ ಆಯುಧವನ್ನು ಮನೆಗೆ ಒಯ್ಯುವುದನ್ನು ತಗ್ಗಿಸಿದ ಮೇಲೆ ಸೈನಿಕರ ಆತ್ಮಹತ್ಯೆಯ ಪ್ರಮಾಣ ಸುಮಾರು 40 ಶೇಕಡಾ ಇಳಿಯಿತು. ಸಾಯಬೇಕೆಂಬ ಯೋಚನೆ ಬಂದರೆ, ಅದನ್ನು ಅಂದೇ ಒಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

ಕೊನೆಯ ಹಂತ: ಹಳೆಯ ಜೊತೆಗಾರರು, ಹೊಸ ಜೊತೆಗಾರರು

ಯೂನಿಟ್ಟಿನ ಸ್ನೇಹಕ್ಕೆ ಸಮನಾದದ್ದು ಹೊರಗೆ ಬೇಗ ಸಿಗುವುದಿಲ್ಲ, ಅದನ್ನು ಕಳೆದುಕೊಂಡ ದುಃಖವೂ ದುಃಖವೇ. ವಾರಕ್ಕೊಂದು ನಿಗದಿತ ಹೊತ್ತಿನಲ್ಲಿ ಇಬ್ಬರು ಮೂವರು ಹಳೆಯ ಜೊತೆಗಾರರಿಗೆ ಫೋನ್ ಮಾಡಿ; ಅವರಲ್ಲಿ ನಿಮಗಿಂತ ಒಂದೆರಡು ವರ್ಷ ಮೊದಲು ಹೊರಬಂದವರೊಬ್ಬರು ಇರಲಿ, ಏಕೆಂದರೆ ನಿಮಗೆ ಮುಂದೆ ಬರಲಿರುವುದನ್ನು ಅವರು ಆಗಲೇ ದಾಟಿರುತ್ತಾರೆ. ಜೊತೆಗೆ, ಸೇನೆಗೆ ಸಂಬಂಧವೇ ಇಲ್ಲದ ಒಂದು ಗುಂಪಿಗೂ ಸೇರಿ. ಆಟ, ಸಂಗೀತ, ರಕ್ತದಾನ, ಮಕ್ಕಳಿಗೆ ಪಾಠ ಹೇಳುವುದು, ಯಾವುದಾದರೂ ಸರಿ. ಮುಖಗಳು ಪರಿಚಯವಾಗುವಷ್ಟು ಕಾಲ ಪ್ರತಿ ವಾರವೂ ಹೋಗಬೇಕು.

ಆರನೆಯ ತಿಂಗಳ ಕೊನೆಗೆ ಸಂಗಾತಿಯೊಡನೆ, ಸಂಗಾತಿ ಇಲ್ಲದವರು ಹತ್ತಿರದವರೊಬ್ಬರೊಡನೆ, ಒಂದು ಗಂಟೆ ಕುಳಿತು ನಿದ್ದೆ, ಸಿಟ್ಟು, ಹಣ, ಮಕ್ಕಳು, ಕೆಲಸ ಈ ಐದರ ಬಗ್ಗೆ ಮಾತನಾಡಿ. ಮೊದಲು ಅವರು ಹೇಳಲಿ, ಅವರು ಮುಗಿಸುವವರೆಗೆ ನೀವು ಉತ್ತರಿಸಬೇಡಿ. ಆ ದಿನಾಂಕವನ್ನು ಮನೆಗೆ ಬಂದ ವಾರದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.