ಅನಾಟಮಿ ನನಗೆ ಒಲಿದ ಬಗೆ

ಅನಾಟಮಿಯ, ಅಂದರೆ ದೇಹರಚನಾ ಶಾಸ್ತ್ರದ, ಮೊದಲ ಆಂತರಿಕ ಪರೀಕ್ಷೆಯಲ್ಲಿ ತೋಳಿನ ನರಗಳ ಬಗ್ಗೆ ಕೇಳಿದ ಪ್ರಶ್ನೆಗೆ ನನಗೆ ಅರ್ಧ ಪುಟವನ್ನೂ ಬರೆಯಲಾಗಲಿಲ್ಲ. ಆ ಅಧ್ಯಾಯವನ್ನು ಐದು ಬಾರಿ ಓದಿ, ಸಾಲುಸಾಲಿಗೂ ಹಳದಿ ಬಣ್ಣ ಬಳಿದಿದ್ದೆ. ಓದುವಾಗ ಎಲ್ಲವೂ ಪರಿಚಿತವೆನಿಸುತ್ತಿತ್ತು, ಪುಸ್ತಕ ಮುಚ್ಚಿದೊಡನೆ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಖಾಲಿ ಹಾಳೆಯ ಮೇಲೆ ಬ್ರೇಕಿಯಲ್ ಪ್ಲೆಕ್ಸಸ್ ಅನ್ನು, ಅಂದರೆ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲವನ್ನು, ನೆನಪಿನಿಂದಲೇ ಬರೆಯತೊಡಗಿದೆ: ಕುತ್ತಿಗೆಯ 5ರಿಂದ 8ನೆಯ ನರಗಳು ಮತ್ತು ಎದೆಯ 1ನೆಯ ನರ ಸೇರಿ 5 ಬೇರುಗಳು, ಅವುಗಳಿಂದ 3 ಕಾಂಡಗಳು, ಪ್ರತಿ ಕಾಂಡವೂ ಎರಡಾಗಿ ಕವಲೊಡೆದು ಒಟ್ಟು 6 ವಿಭಾಗಗಳು, ಅವು ಮತ್ತೆ ಕೂಡಿ 3 ಹುರಿಗಳು, ಕೊನೆಗೆ 5 ಮುಖ್ಯ ನರಗಳು. ತಪ್ಪಿದ ಕವಲುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮರುದಿನವೂ ವಾರದ ಬಳಿಕವೂ ಮತ್ತೆ ಬರೆದೆ. ಮೊದಲ ಹಾಳೆಯ ತುಂಬ ಕೆಂಪೇ ಇತ್ತು.

ಇನ್ನೂ ಹೆಚ್ಚು ನೆರವಾದದ್ದು ಮೂಳೆಯನ್ನು ಕೈಯಲ್ಲಿ ಹಿಡಿದು ಓದಿದ್ದು. ಮೇಲ್ತೋಳಿನ ಮೂಳೆಯಾದ ಹ್ಯೂಮರಸ್‌ನ ಹಿಂಬದಿಯಲ್ಲಿ ಓರೆಯಾಗಿ ಇಳಿಯುವ ತೋಡಿನ ಮೇಲೆ ಬೆರಳಾಡಿಸಿದಾಗ, ಅಲ್ಲಿ ಮೂಳೆಯನ್ನು ಒತ್ತಿಕೊಂಡೇ ಸಾಗುವ ರೇಡಿಯಲ್ ನರಕ್ಕೆ ಆ ಮೂಳೆಯ ನಡುಭಾಗ ಮುರಿದರೆ ಏಕೆ ಪೆಟ್ಟಾಗಬಹುದು, ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳನ್ನು ನಡೆಸುವುದು ಅದೇ ನರವಾದ್ದರಿಂದ ಆಗ ಮಣಿಕಟ್ಟು ಏಕೆ ಜೋತುಬೀಳುತ್ತದೆ ಎಂಬುದು ತಾನಾಗಿ ಹೊಳೆಯಿತು. ಮೊದಲಕ್ಷರಗಳನ್ನು ಹೆಣೆದ ನೆನಪಿನ ಸೂತ್ರಗಳು ಮಣಿಕಟ್ಟಿನ 8 ಮೂಳೆಗಳಿಗಷ್ಟೇ ಉಪಯೋಗಕ್ಕೆ ಬಂದವು. ಉಳಿದೆಡೆ ನಾನು ಸೂತ್ರವನ್ನೇ ಮರೆಯುತ್ತಿದ್ದೆ! ಮುಂದಿನ ಪರೀಕ್ಷೆಯಲ್ಲಿ ಮೊದಲು ಚಿತ್ರ ಬರೆದೆ, ವಿವರಣೆಯನ್ನು ಅದನ್ನು ನೋಡಿಕೊಂಡೇ ಬರೆದು ಮುಗಿಸಿದೆ.